ಬಿಸಿಲ ಜಿಲ್ಲೆಗಳಲ್ಲಿ ಮಕ್ಕಳ ನಿದ್ದೆ, ಆಟ ಮತ್ತು ಮೊಬೈಲ್‌ಗೆ ಸಮಯ ಹೊಂದಿಸುವ ಬಗೆ

ಮಕ್ಕಳ ಮೊಬೈಲ್ ಗೀಳು ಬಿಡಿಸಲು ಹೊರಡುವ ಪಾಲಕರು ಸಾಮಾನ್ಯವಾಗಿ ಮೊಬೈಲನ್ನೇ ಮೊದಲು ಕಸಿದುಕೊಳ್ಳುತ್ತಾರೆ; ನಾಲ್ಕು ದಿನ ಅಳು, ರಂಪಾಟ ನಡೆದು ಎಲ್ಲವೂ ಮೊದಲಿನಂತೆಯೇ ಆಗುತ್ತದೆ. ಆರಂಭಿಸಬೇಕಾದದ್ದು ನಿದ್ದೆಯಿಂದ. ಇರುವ 24 ಗಂಟೆಗಳಲ್ಲಿ ನಿದ್ದೆಯ ಪಾಲನ್ನು ಮೊದಲು ತೆಗೆದಿರಿಸಿದರೆ, ಶಾಲೆ ಮತ್ತು ಓದು ಕಳೆದು ಆಟಕ್ಕೂ ಮೊಬೈಲಿಗೂ ಎಷ್ಟು ಉಳಿಯುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ 6ಕ್ಕೆ ಏಳಬೇಕಾದ ಐದನೇ ತರಗತಿಯ ಹುಡುಗ ರಾತ್ರಿ 9ಕ್ಕೆ ನಿದ್ದೆಹೋಗಿದ್ದರೆ ಮಾತ್ರ ಕನಿಷ್ಠ ಪಾಲು ದೊರೆಯುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯೂರುವುದಕ್ಕೂ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ದೊಡ್ಡವರಂತೆ ತೂಕಡಿಸುವುದಕ್ಕಿಂತ ಹೆಚ್ಚಾಗಿ ಸಿಡುಕುತ್ತದೆ, ಹಟ ಮಾಡುತ್ತದೆ, ಒಂದೆಡೆ ಕೂರುವುದಿಲ್ಲ. ಮನೆಯವರು ಅದನ್ನು ತುಂಟತನವೆಂದೇ ಭಾವಿಸುತ್ತಾರೆ.

ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ನಿದ್ದೆಗೆ ಮೊಬೈಲಿನಷ್ಟೇ ದೊಡ್ಡ ಅಡ್ಡಿ ಸೆಕೆ. ದೇಹದ ಒಳಗಿನ ಉಷ್ಣತೆ ತುಸು ಇಳಿದರಷ್ಟೇ ನಿದ್ದೆ ಹತ್ತುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ರಾತ್ರಿಯೂ ಕಾವು ಬಿಡುತ್ತಿರುತ್ತದೆ. ಸಂಜೆ ಛಾವಣಿಗೆ ನೀರು ಹಾಕುವುದು, ಮಲಗುವ ಮುನ್ನ ಮಗುವಿಗೆ ಮೈತೊಳೆಸುವುದು, ಸುತ್ತ ಗೋಡೆಯಿದ್ದರೆ ಮಾಳಿಗೆಯ ಮೇಲೆ ಸೊಳ್ಳೆ ಪರದೆ ಕಟ್ಟಿ ಮಲಗುವುದು, ಇವೆಲ್ಲ ಈ ಭಾಗದ ಮನೆಗಳಿಗೆ ಹೊಸತಲ್ಲ. ಹೊಸದಾಗಿ ಸೇರಿಸಬೇಕಾದ ನಿಯಮ ಒಂದೇ: ಮಾಳಿಗೆಗೆ ಮೊಬೈಲ್ ಹತ್ತಬಾರದು. ಮಲಗುವ ಒಂದು ಗಂಟೆ ಮೊದಲೇ ಮನೆಯವರೆಲ್ಲರ ಫೋನುಗಳೂ ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಲಿ. ಕಣ್ಣಿಗೆ ಹತ್ತಿರ ಹಿಡಿದ ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಸ್ರಾವವನ್ನು ತಡಮಾಡುತ್ತದೆ. ಸಂಜೆಯ ಚಹಾವನ್ನೂ ಮಕ್ಕಳಿಗೆ ಕೊಡದಿರುವುದು ಒಳ್ಳೆಯದು.

ಇನ್ನು ಆಟ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂತೆ ಮೈ ದಣಿಸಬೇಕು. ವಾರದಲ್ಲಿ ಕನಿಷ್ಠ 3 ದಿನ ಎಲುಬು ಮತ್ತು ಸ್ನಾಯುಗಳನ್ನು ಬಲಪಡಿಸುವ ಚಟುವಟಿಕೆಯೂ ಇರಬೇಕು. ಕಬಡ್ಡಿ, ಖೋ ಖೋ, ಲಗೋರಿ, ಹಗ್ಗದಾಟಗಳಲ್ಲಿ ಇವೆರಡೂ ಸಿಗುತ್ತವೆ. ಬೇಸಿಗೆಯಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವಾಗ ಮಕ್ಕಳ ಆಟದ ವೇಳೆಯೂ ಬದಲಾಗಬೇಕಲ್ಲವೇ? ಬೆಳಿಗ್ಗೆ 6ರಿಂದ 8, ಸಂಜೆ 5.30ರ ನಂತರ ಆಟ. ನಡುವೆ ಬಿಸಿಲಿಗೆ ಬಿಡಬಾರದು, ನೀರು ಕುಡಿಸುತ್ತಿರಬೇಕು. ಹಗಲು ಬೆಳಕಿನಲ್ಲಿ ಹೊರಗಿರುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಾಧ್ಯತೆ ಕಡಿಮೆ. ನೆರಳಿನಲ್ಲಿದ್ದರೂ ಆ ಪ್ರಯೋಜನ ಇದೆ. ಹತ್ತು-ಹನ್ನೆರಡು ದಾಟಿದ ಹೆಣ್ಣುಮಕ್ಕಳ ಆಟವನ್ನು ನಿಲ್ಲಿಸಿಬಿಡುವ ಮನೆಗಳು ಇನ್ನೂ ಇವೆ. ಕೊಡ ಹೊರುವುದರಲ್ಲಿ ವ್ಯಾಯಾಮವಿರಬಹುದು, ಗೆಳತಿಯರೊಂದಿಗೆ ಓಡುವ ಹಿಗ್ಗು ಇಲ್ಲ. ಮನಸ್ಸಿನ ಆರೋಗ್ಯಕ್ಕೆ ಬೇಕಾದದ್ದು ಆ ಹಿಗ್ಗು.

ಮೊಬೈಲಿನ ವಿಚಾರದಲ್ಲಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ ಸ್ಪಷ್ಟವಾಗಿದೆ: 2 ವರ್ಷದೊಳಗಿನವರಿಗೆ ಪರದೆಯೇ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, 5ರಿಂದ 10 ವರ್ಷದವರಿಗೆ 2 ಗಂಟೆಗಿಂತ ಕಡಿಮೆ. ಬೇಸಿಗೆ ರಜೆಯಲ್ಲಿ ಆ ಪಾಲನ್ನು ಹೊರಗೆ ಹೋಗಲಾಗದ ಉರಿಬಿಸಿಲಿನ ಹೊತ್ತಿಗೇ ಇಟ್ಟು, ಮಿಕ್ಕ ಮಧ್ಯಾಹ್ನವನ್ನು ಚೌಕಾಬಾರಕ್ಕೋ ಕಿರುನಿದ್ದೆಗೋ ಬಿಟ್ಟರೆ ಸಂಜೆ ಆಟಕ್ಕೆ ಉಳಿಯುತ್ತದೆ. ಶಾಲೆಯ ಮನೆಗೆಲಸ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದರೆ ಹಿರಿಯರು ಅದನ್ನು ಮಗುವಿನ ನೋಟ್‌ಬುಕ್‌ಗೆ ಬರೆದುಕೊಟ್ಟು ಫೋನನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬಹುದು. ಊಟದ ತಟ್ಟೆಯ ಮುಂದೆ ವಿಡಿಯೊ ಬೇಡ.

ಬದಲಾವಣೆಯನ್ನು ಒಮ್ಮೆಲೇ ತರಬಾರದು. ಏಳುವ ಹೊತ್ತನ್ನು ರಜೆಯಲ್ಲೂ ಒಂದೇ ರೀತಿ ಇಟ್ಟು, ಮಲಗುವ ಹೊತ್ತನ್ನು ಎರಡು-ಮೂರು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತಂದರೆ ಮಗು ಹೊಂದಿಕೊಳ್ಳುತ್ತದೆ. ಮೊಬೈಲಿನಿಂದ ಮಗು ಮಂಕಾಗಿದೆಯೋ, ಮಂಕಾದ ಮಗು ಮೊಬೈಲಿನ ಮೊರೆಹೋಗಿದೆಯೋ ಎಂಬುದನ್ನೂ ಗಮನಿಸಬೇಕು. ಎರಡನೆಯದಾಗಿದ್ದರೆ ಫೋನ್ ಕಸಿದುಕೊಂಡ ಮಾತ್ರಕ್ಕೆ ಫಲವಿಲ್ಲ, ಮಾತನಾಡಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು. ನಿತ್ಯ ಗೊರಕೆ ಹೊಡೆಯುವ, ಸಾಕಷ್ಟು ಮಲಗಿದರೂ ಹಗಲಲ್ಲಿ ತೂಕಡಿಸುವ ಮಗುವನ್ನು ವೈದ್ಯರಿಗೆ ತೋರಿಸಬೇಕು. ನಾಲ್ಕು ಹೆಜ್ಜೆ ಓಡಿದರೆ ಸುಸ್ತಾಗುವ ಮಗುವನ್ನು ಸೋಮಾರಿ ಎಂದು ಗದರುವ ಮೊದಲು ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅದು ನುಂಗುತ್ತಿದೆಯೇ ಎಂದು ವಿಚಾರಿಸಬೇಕು.