ಸಿಂಗಲ್ ಮಂಚಕ್ಕೆ ಹಾಸಿಗೆ: ಅಳೆದು, ತೂಗಿ, ಮಲಗಿ ನೋಡಿ ಕೊಳ್ಳಿ

ಒಬ್ಬರು ಮಲಗುವ ಮಂಚಕ್ಕೆ ಹಾಸಿಗೆ ಕೊಳ್ಳುವ ಮೊದಲು ಮನೆಯಲ್ಲೇ ಟೇಪು ಹಿಡಿದು ಮಂಚದ ಒಳ ಅಳತೆಯನ್ನು ಬರೆದುಕೊಳ್ಳಬೇಕು. ಕಂಪನಿ ಹಾಸಿಗೆಗಳು ಸಾಮಾನ್ಯವಾಗಿ 72, 75 ಅಥವಾ 78 ಅಂಗುಲ ಉದ್ದ, 30 ಅಥವಾ 36 ಅಂಗುಲ ಅಗಲದಲ್ಲಿ ಸಿಗುತ್ತವೆ. ಆದರೆ ಬಡಗಿಯವರು ಕೋಣೆಯ ಜಾಗ ನೋಡಿ ಮಾಡಿಕೊಟ್ಟ ಮಂಚ ಈ ಲೆಕ್ಕಕ್ಕೆ ಕೂಡಿಬರಲೇಬೇಕೆಂದಿಲ್ಲ. ಒಂದು ಅಂಗುಲ ಹೆಚ್ಚಾದರೂ ಹಾಸಿಗೆ ನಡುವೆ ಉಬ್ಬಿ ನಿಲ್ಲುತ್ತದೆ. ಮಲಗುವವರ ಎತ್ತರಕ್ಕಿಂತ ಹಾಸಿಗೆ ಸುಮಾರು ಆರು ಅಂಗುಲ ಉದ್ದವಿರುವುದು ಒಳ್ಳೆಯದು. ಹಾಗಾಗಿ 5 ಅಡಿ 8 ಅಂಗುಲ ಎತ್ತರದವರಿಗೆ 72 ಸಾಲದು, 75 ಬೇಕು.

ಮಂಚದ ತಳವನ್ನೂ ಗಮನಿಸಿ. ನವಾರು ಮಂಚದ ಮೇಲೆ ಎಂಥ ದುಬಾರಿ ಫೋಮ್ ಹಾಸಿದರೂ ಬೆನ್ನು ಕುಸಿಯುವುದು ತಪ್ಪದು. ಮೊದಲು ಪ್ಲೈವುಡ್ ಹಲಗೆ ಹಾಕಿಸಿ.

ಇನ್ನು ಒಳಗಿನ ಸರಕು. ತಿಪಟೂರು, ಗುಬ್ಬಿ, ತುರುವೇಕೆರೆಗಳಂಥ ತೆಂಗಿನ ಸೀಮೆಯವರಾದ ತುಮಕೂರು ಜಿಲ್ಲೆಯವರಿಗೆ ನಾರು ಹೊಸದಲ್ಲ. ಸುರುಳಿಯಾಗಿಸಿದ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಕಾಯಿಸಿ ಗಟ್ಟಿಗೊಳಿಸಿದ ಹಾಳೆಗಳೇ ಕಾಯರ್ ಹಾಸಿಗೆಯ ತಿರುಳು. ಅದರಲ್ಲಿ ಗಾಳಿಯಾಡುವುದರಿಂದ ನಮ್ಮ ಏಪ್ರಿಲ್ ಸೆಕೆಗೆ ಹಿತ, ಅಂಗಾತ ಮಲಗುವವರ ಬೆನ್ನಿಗೂ ಒಳ್ಳೆಯ ಆಧಾರ. ಒಂದೇ ಮಗ್ಗುಲಲ್ಲಿ ಮಲಗುವವರಿಗೆ ಮಾತ್ರ ಭುಜ ಒತ್ತಬಹುದು. ಅಂಥವರು ಮೇಲೊಂದು ಫೋಮ್ ಪದರವಿರುವುದನ್ನೇ ಆರಿಸಲಿ. ಹತ್ತಿಯ ಹಾಸಿಗೆಯನ್ನು ಬೇಕಾದ ಅಳತೆಗೆ ಹೊಲಿಸಬಹುದೆಂಬುದು ಅದರ ದೊಡ್ಡ ಅನುಕೂಲ, ಆದರೆ ಆಗಾಗ ಬಿಸಿಲಿಗೆ ಹಾಕಬೇಕು, ಗಂಟುಕಟ್ಟಿದಾಗ ಹಿಂಜಿಸಬೇಕು.

ಗ್ರಾಹಕರು ಹೆಚ್ಚು ಮೋಸಹೋಗುವುದು ಫೋಮಿನಲ್ಲಿ. ‘ಡೆನ್ಸಿಟಿ 40’ ಎಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತದೆ ಎಂದರ್ಥವೇ ಹೊರತು, ಅದು ಗಟ್ಟಿಯಾಗಿದೆ ಎಂದಲ್ಲ. ಒಂದೇ ಬಗೆಯ ಫೋಮಿನಲ್ಲಿ ಡೆನ್ಸಿಟಿ ಕಡಿಮೆಯಾದಷ್ಟೂ ಹಾಸಿಗೆ ಬೇಗ ಕುಳಿಬೀಳುತ್ತದೆ. ಇದನ್ನು ತಕ್ಕಡಿಯಿಂದಲೇ ಪರೀಕ್ಷಿಸಬಹುದು. 72 ಅಂಗುಲ ಉದ್ದ, 36 ಅಂಗುಲ ಅಗಲ, 5 ಅಂಗುಲ ದಪ್ಪದ ಪೂರ್ಣ ಫೋಮ್ ಹಾಸಿಗೆಯಲ್ಲಿ ಡೆನ್ಸಿಟಿ 40 ಆದರೆ ಫೋಮಿನ ತೂಕವೇ ಸುಮಾರು 8.5 ಕಿಲೋ, 32 ಆದರೆ ಸುಮಾರು 6.8 ಕಿಲೋ ಬರಬೇಕು. ಹೊದಿಕೆ ಸಮೇತವೂ ಅಷ್ಟು ತೂಗದಿದ್ದರೆ ಚೀಟಿಯಲ್ಲಿ ಬರೆದದ್ದನ್ನು ನಂಬಬೇಡಿ.

ಒಂದೊಂದು ಸ್ಪ್ರಿಂಗನ್ನೂ ಬೇರೆ ಬೇರೆ ಬಟ್ಟೆಚೀಲದಲ್ಲಿಟ್ಟು ಮಾಡಿದ ಪಾಕೆಟ್ ಸ್ಪ್ರಿಂಗ್ ಹಾಸಿಗೆಗೆ ಹೆಚ್ಚು ಹಣ ಕೊಡುವ ಮುನ್ನ ಯೋಚಿಸಿ. ಪಕ್ಕದವರು ಹೊರಳಿದರೆ ಅಲುಗಾಟ ತಿಳಿಯದು ಎಂಬುದೇ ಅದರ ಮುಖ್ಯ ಹೆಗ್ಗಳಿಕೆ, ಒಬ್ಬರೇ ಮಲಗುವ ಮಂಚದಲ್ಲಿ ಅದರ ಅಗತ್ಯವೇ ಇಲ್ಲ. ಇಲ್ಲಿ ಅದಕ್ಕಿಂತ ಮುಖ್ಯವಾದುದು ಅಂಚಿನ ಬಿಗಿ, ಏಕೆಂದರೆ ಮೂರಡಿ ಅಗಲದಲ್ಲಿ ಮಲಗಿದವರು ಹೊರಳಿದಾಗಲೆಲ್ಲ ಅಂಚಿಗೇ ಬರುತ್ತಾರೆ. ಆದ್ದರಿಂದ ಅಂಚಿನ ಮೇಲೆ ಕುಳಿತು, ಅದು ಜಾರಿ ಕುಸಿಯುವುದೇ ನೋಡಿ.

ಕೊನೆಗೆ, ಸಂಕೋಚಪಡದೆ ಅಂಗಡಿಯಲ್ಲೇ ಹತ್ತು ನಿಮಿಷ, ರಾತ್ರಿ ಮಲಗುವ ಭಂಗಿಯಲ್ಲೇ ಮಲಗಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ಸಲೀಸಾಗಿ ತೂರಿದರೆ ಹಾಸಿಗೆ ಅತಿ ಗಟ್ಟಿ, ಸೊಂಟವೇ ಹೂತುಹೋಗಿ ಹೊರಳಲು ತ್ರಾಸವಾದರೆ ಅತಿ ಮೆತ್ತಗೆ. ಬಿಲ್ಲಿನಲ್ಲಿ ಅಳತೆ, ಡೆನ್ಸಿಟಿ ಮತ್ತು ವಾರಂಟಿಯ ಅವಧಿಯನ್ನು ಬರೆಸಿಕೊಳ್ಳಿ. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದುಬಿಡಿ. ಬೆವರಿನ ತೇವ ಒಳಗೇ ನಿಂತರೆ ಬೂಷ್ಟು ಹಿಡಿಯುತ್ತದೆ.