ಗೇಮ್ ಅಳಿಸಬೇಡಿ, ಡ್ರೈವ್ ಬದಲಿಸಿ

ಹೊಸ ಗೇಮ್ ಹಾಕಿಕೊಳ್ಳಲು ಹೊರಟಾಗ ಡಿಸ್ಕ್‌ನಲ್ಲಿ ಜಾಗ ಸಾಲದು ಎಂಬ ಸಂದೇಶ ಬಂದೊಡನೆ ಹಳೆಯದೊಂದನ್ನು ಅನ್‌ಇನ್‌ಸ್ಟಾಲ್ ಮಾಡಿಬಿಡುವುದು ಬಹುತೇಕರ ರೂಢಿ. ತಿಂಗಳೊಪ್ಪತ್ತಿನಲ್ಲಿ ಆ ಹಳೆಯ ಗೇಮ್ ಮತ್ತೆ ಬೇಕೆನಿಸಿದರೆ ಅದೇ ನೂರು ಜಿಬಿಯನ್ನು ಇನ್ನೊಮ್ಮೆ ಇಳಿಸಿಕೊಳ್ಳಬೇಕು. ಹುಬ್ಬಳ್ಳಿಯ ವಿದ್ಯಾನಗರ, ಧಾರವಾಡದ ಸಪ್ತಾಪುರದಂಥ ಕಡೆ ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳು ನಾಲ್ಕೈದು ಮಂದಿ ಸೇರಿ ಒಂದೇ ವೈಫೈ ಹಂಚಿಕೊಂಡಿರುವುದೇ ಹೆಚ್ಚು. 40 ಎಂಬಿಪಿಎಸ್ ವೇಗದ ಸಂಪರ್ಕ ಪೂರ್ತಿಯಾಗಿ ಒಬ್ಬರಿಗೇ ಸಿಕ್ಕರೂ ನೂರು ಜಿಬಿ ಇಳಿಯಲು ಸುಮಾರು ಐದೂವರೆ ಗಂಟೆ ಬೇಕು. ದಿನಕ್ಕೆ ಎರಡು ಜಿಬಿ ಕೊಡುವ ಮೊಬೈಲ್ ಪ್ಯಾಕ್ ನಂಬಿದವರಿಗೆ ಅದು ಐವತ್ತು ದಿನಗಳ ಡೇಟಾ. ಅದೇ ಗೇಮನ್ನು ಅದೇ ಕಂಪ್ಯೂಟರಿನ ಇನ್ನೊಂದು ಡ್ರೈವ್‌ಗೆ ಸಾಗಿಸುವುದಾದರೆ ಸಾಧಾರಣ ಹಾರ್ಡ್ ಡಿಸ್ಕ್‌ನಲ್ಲೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದರೆ ಅದಕ್ಕೊಂದು ಕ್ರಮವಿದೆ. ಫೋಲ್ಡರನ್ನು ಕಟ್ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಗೇಮ್ ತೆರೆಯುವುದಿಲ್ಲ.

ಮೊದಲು ಏನಿದೆ ನೋಡಿ

ಕಂಪ್ಯೂಟರಿನಲ್ಲಿ 'ದಿಸ್ ಪಿಸಿ' ತೆರೆದರೆ ಪ್ರತಿ ಡ್ರೈವ್‌ನ ಕೆಳಗೆ ಒಂದು ಪಟ್ಟಿ ಕಾಣುತ್ತದೆ. ಅದು ನೀಲಿಯಾಗಿದ್ದರೆ ಜಾಗವಿದೆ, ಕೆಂಪಾಗಿದ್ದರೆ ತುಂಬುತ್ತ ಬಂದಿದೆ. 512 ಜಿಬಿ ಎಂದು ಹೇಳಿ ಕೊಟ್ಟ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡ್ರೈವ್) ಇಲ್ಲಿ 476 ಜಿಬಿ ಎಂದೂ, ಒಂದು ಟಿಬಿಯದು 931 ಜಿಬಿ ಎಂದೂ ಕಾಣಿಸುವುದರಲ್ಲಿ ಮೋಸವೇನಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1,024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ವ್ಯತ್ಯಾಸ.

ಇಷ್ಟಕ್ಕೇ ನಿಲ್ಲದೆ, ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ವಿಭಾಗವನ್ನು ನೋಡಬೇಕು. ಅಲ್ಲಿ 'ಡಿಸ್ಕ್ 0', 'ಡಿಸ್ಕ್ 1' ಎಂದು ಸಾಲಾಗಿ ತೋರಿಸಿ, ಅದು ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಎಂಬುದನ್ನೂ ಅದರಲ್ಲಿ ಯಾವ ಯಾವ ಡ್ರೈವ್‌ಗಳಿವೆ ಎಂಬುದನ್ನೂ ಪಕ್ಕದಲ್ಲೇ ಬರೆದಿರುತ್ತದೆ. ಇದನ್ನು ನೋಡಲೇಬೇಕು ಎನ್ನುವುದಕ್ಕೆ ಕಾರಣವಿದೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಎರಡೂ ಒಂದೇ ಎಸ್‌ಎಸ್‌ಡಿಯ ಎರಡು ಭಾಗಗಳಷ್ಟೇ ಆಗಿರುತ್ತವೆ. ಅಂಥ ಕಡೆ ಗೇಮನ್ನು ಸಿಯಿಂದ ಡಿಗೆ ಸಾಗಿಸಿದರೆ ವಿಂಡೋಸ್‌ಗೆ ಉಸಿರಾಡಲು ಜಾಗ ಸಿಗುತ್ತದೆ, ವೇಗದಲ್ಲಿ ಏನೂ ಬದಲಾಗುವುದಿಲ್ಲ. ಡಿ ಎಂಬುದು ಬೇರೆಯೇ ಹಾರ್ಡ್ ಡಿಸ್ಕ್ ಆಗಿದ್ದರೆ ಮಾತ್ರ ಯಾವುದು ಎಲ್ಲಿರಬೇಕು ಎಂಬ ಪ್ರಶ್ನೆ ಏಳುತ್ತದೆ.

ಯಾವ ಗೇಮ್ ಎಲ್ಲಿರಬೇಕು

ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರಿಂದ ನೂರೈವತ್ತು ಎಂಬಿ ಓದಬಲ್ಲದು. ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಎಸ್‌ಎಸ್‌ಡಿ ಸುಮಾರು 550 ಎಂಬಿ, ಎನ್‌ವಿಎಂಇ ಎಂಬ ಹೊಸ ಬಗೆಯ ಜೋಡಣೆಯ ಎಸ್‌ಎಸ್‌ಡಿಗಳಲ್ಲಿ ಮೂರನೆಯ ಪೀಳಿಗೆಯದು ಸುಮಾರು 3,500 ಎಂಬಿ, ನಾಲ್ಕನೆಯ ಪೀಳಿಗೆಯದು 7,000 ಎಂಬಿಯವರೆಗೆ ಓದುತ್ತದೆ. ಹಾಗೆಂದು ಗೇಮ್ ಅಷ್ಟೇ ಪಟ್ಟು ಬೇಗ ತೆರೆದುಕೊಳ್ಳುವುದಿಲ್ಲ. ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಣ್ಣಿಗೆ ಕಾಣುವ ವ್ಯತ್ಯಾಸ ದೊಡ್ಡದು. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಹೆಚ್ಚಿನ ಗೇಮ್‌ಗಳಲ್ಲಿ ಸಿಗುವುದು ಕೆಲವೇ ಸೆಕೆಂಡುಗಳ ಉಳಿತಾಯ. ಆದ್ದರಿಂದ ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ, ಅತಿ ವೇಗದ ಚಿಕ್ಕ ಎಸ್‌ಎಸ್‌ಡಿಗಿಂತ ಸಾಧಾರಣ ವೇಗದ ದೊಡ್ಡ ಎಸ್‌ಎಸ್‌ಡಿ ಕೊಳ್ಳುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಶಾಲ ಲೋಕದಲ್ಲಿ ಓಡಾಡುವ ಇತ್ತೀಚಿನ ಗೇಮ್‌ಗಳು ಆಟ ನಡೆಯುತ್ತಿರುವಾಗಲೇ ಡ್ರೈವ್‌ನಿಂದ ಚಿತ್ರಗಳನ್ನು ಎಳೆದುಕೊಳ್ಳುತ್ತಿರುತ್ತವೆ. ಹಾರ್ಡ್ ಡಿಸ್ಕ್‌ನಲ್ಲಿಟ್ಟರೆ ಗೋಡೆ, ರಸ್ತೆಗಳು ಮೊದಲು ಮಸುಕಾಗಿ ಕಂಡು ತಡವಾಗಿ ಸ್ಪಷ್ಟವಾಗುತ್ತವೆ, ನಡುವೆ ಆಟ ತಡವರಿಸುತ್ತದೆ. ಸ್ಟಾರ್‌ಫೀಲ್ಡ್ 125 ಜಿಬಿಯನ್ನೂ ಬಾಲ್ಡರ್ಸ್ ಗೇಟ್ 3 ಗೇಮ್ 150 ಜಿಬಿಯನ್ನೂ ಕೇಳುವುದಲ್ಲದೆ, ಎರಡೂ ತಮ್ಮ ಅಗತ್ಯಗಳ ಪಟ್ಟಿಯಲ್ಲಿ ಎಸ್‌ಎಸ್‌ಡಿ ಬೇಕೆಂದೇ ನಮೂದಿಸಿವೆ. ಇಂಥವಕ್ಕೆ ಎಸ್‌ಎಸ್‌ಡಿಯನ್ನು ಮೀಸಲಿಡಿ. ಹತ್ತು ಹನ್ನೆರಡು ವರ್ಷ ಹಳೆಯ ಗೇಮ್‌ಗಳು, ಎರಡು ಆಯಾಮದ ಚಿಕ್ಕ ಗೇಮ್‌ಗಳು, ಎಂದೋ ಒಮ್ಮೆ ತೆರೆಯುವಂಥವು ಹಾರ್ಡ್ ಡಿಸ್ಕ್‌ನಲ್ಲಿ ನೆಮ್ಮದಿಯಾಗಿರುತ್ತವೆ.

ಎಸ್‌ಎಸ್‌ಡಿಯನ್ನು ಕಂಠಪೂರ್ತಿ ತುಂಬಬಾರದು. ಶೇ 15ರಷ್ಟಾದರೂ ಖಾಲಿ ಬಿಟ್ಟರೆ ಬರೆಯುವ ವೇಗ ಕುಸಿಯುವುದಿಲ್ಲ. ಗೇಮ್‌ನ ಅಪ್‌ಡೇಟ್‌ಗೂ ಹೆಚ್ಚುವರಿ ಜಾಗ ಬೇಕು ಎಂಬುದನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಳಿಯುವುದು ಎರಡೇ ಜಿಬಿಯಾದರೂ, ಗೇಮ್ ಕೊಂಡು ಇಳಿಸಿಕೊಳ್ಳಲು ಬಳಸುವ ಸ್ಟೀಮ್ ತಂತ್ರಾಂಶವು ದೊಡ್ಡ ಕಡತಗಳನ್ನು ಪಕ್ಕದಲ್ಲಿ ಹೊಸದಾಗಿ ಕಟ್ಟಿ, ಆಮೇಲೆ ಹಳೆಯದರ ಜಾಗದಲ್ಲಿ ಇಡುವುದರಿಂದ ಕೆಲವೊಮ್ಮೆ ಹತ್ತಾರು ಜಿಬಿ ಖಾಲಿ ಇರಬೇಕಾಗುತ್ತದೆ.

ಹೊಸ ಡ್ರೈವ್ ಸಿದ್ಧಪಡಿಸುವುದು

ಎಸ್‌ಎಸ್‌ಡಿ ಕೊಳ್ಳಲು ಹುಬ್ಬಳ್ಳಿಯ ಅಥವಾ ಗದಗಿನ ಅಂಗಡಿಗೆ ಹೋಗುವ ಮುನ್ನ ನಿಮ್ಮ ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ಸಂಖ್ಯೆ ಬರೆದುಕೊಂಡು ಹೋಗಿ. ಎಂ.2 ಎಂಬುದು ಕೇವಲ ಆಕಾರದ ಹೆಸರು; ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇ ಎಸ್‌ಎಸ್‌ಡಿಯೂ ಬರುತ್ತದೆ. ಸ್ಲಾಟ್ ಒಂದನ್ನಷ್ಟೇ ಒಪ್ಪುವಂಥದ್ದಾದರೆ ಇನ್ನೊಂದು ಅದರಲ್ಲಿ ಕೂತರೂ ಕೆಲಸ ಮಾಡುವುದಿಲ್ಲ.

ಜೋಡಿಸಿದ ಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಹೊಸ ಡಿಸ್ಕನ್ನು ಸಿದ್ಧಗೊಳಿಸಬೇಕೇ ಎಂದು ಕೇಳಿದಾಗ 'ಜಿಪಿಟಿ' ಆರಿಸಿ. ನಂತರ ಕಪ್ಪು ಪಟ್ಟಿಯ ಕೆಳಗೆ 'ಅನ್‌ಅಲೊಕೇಟೆಡ್' ಎಂದು ಬರೆದಿರುವ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ 'ನ್ಯೂ ಸಿಂಪಲ್ ವಾಲ್ಯೂಮ್' ಒತ್ತಿ, ಮಾದರಿಯಾಗಿ 'ಎನ್‌ಟಿಎಫ್‌ಎಸ್' ಇಟ್ಟು, 'ಗೇಮ್ಸ್' ಎಂದು ಹೆಸರು ಕೊಡಿ. ಹಳೆಯ ಎಫ್‌ಎಟಿ32 ಮಾದರಿಯಲ್ಲಿ ನಾಲ್ಕು ಜಿಬಿ ಮೀರಿದ ಒಂದೇ ಕಡತವನ್ನು ಇಡಲಾಗದು, ಆದ್ದರಿಂದ ಅದು ಗೇಮ್‌ಗಳಿಗೆ ಬರುವುದಿಲ್ಲ. ಈ ಕಿಟಕಿಯಲ್ಲಿ ಕೆಲಸ ಮಾಡುವಾಗ ಅವಸರ ಸಲ್ಲದು. 'ಅನ್‌ಅಲೊಕೇಟೆಡ್' ಎಂದು ಬರೆದಿರದ ಯಾವ ಭಾಗವನ್ನೂ ಫಾರ್ಮ್ಯಾಟ್ ಮಾಡಬೇಡಿ. ಅದರಲ್ಲಿ ಮನೆಯವರ ಫೋಟೊಗಳಿರಬಹುದು.

ಸ್ಟೀಮ್‌ನಲ್ಲಿ ಸಾಗಿಸುವುದು

ಸ್ಟೀಮ್ ತನ್ನ ಗೇಮ್‌ಗಳನ್ನು 'ಸ್ಟೀಮ್‌ಆ್ಯಪ್ಸ್' ಎಂಬ ಫೋಲ್ಡರಿನೊಳಗಿನ 'ಕಾಮನ್' ಫೋಲ್ಡರಿನಲ್ಲಿ ಇಡುತ್ತದೆ. 'ಸ್ಟೀಮ್‌ಆ್ಯಪ್ಸ್' ತೆರೆದು ನೋಡಿದರೆ ಪ್ರತಿ ಗೇಮ್‌ಗೂ 'ಆ್ಯಪ್‌ಮ್ಯಾನಿಫೆಸ್ಟ್' ಎಂದು ಆರಂಭವಾಗುವ, ಮುಂದೆ ಒಂದು ಸಂಖ್ಯೆಯಿರುವ ಪುಟ್ಟ ಕಡತ ಸಿಗುತ್ತದೆ. ಕೌಂಟರ್ ಸ್ಟ್ರೈಕ್ 2ರ ಸಂಖ್ಯೆ 730. ಆ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಗೇಮ್‌ನ ಹೆಸರು, ಗಾತ್ರ, ಅದು ಯಾವ ಫೋಲ್ಡರಿನಲ್ಲಿದೆ ಎಂಬ ವಿವರಗಳೆಲ್ಲ ಕಾಣುತ್ತವೆ. ಈ ಗೇಮ್‌ನ ಫೋಲ್ಡರಿಗೆ ಇಂದಿಗೂ ಹಳೆಯ 'ಗ್ಲೋಬಲ್ ಅಫೆನ್ಸಿವ್' ಹೆಸರೇ ಇರುವುದರಿಂದ, ಬೇಡದ್ದೆಂದು ತಿಳಿದು ಅದನ್ನು ಅಳಿಸಬೇಡಿ. ಸ್ಟೀಮ್ ಗೇಮನ್ನು ಗುರುತಿಸುವುದು ಈ ಪುಟ್ಟ ಕಡತದಿಂದ. ಮನೆ ಬದಲಿಸಿದವರು ಗ್ಯಾಸ್ ಏಜೆನ್ಸಿಗೆ ಹೊಸ ವಿಳಾಸ ತಿಳಿಸದಿದ್ದರೆ ಸಿಲಿಂಡರ್ ಹಳೆಯ ಮನೆಗೇ ಹೋಗುವಂತೆ, ಗೇಮ್‌ನ ಫೋಲ್ಡರನ್ನು ಮಾತ್ರ ನಾವೇ ಎತ್ತಿಟ್ಟರೆ ಸ್ಟೀಮ್ ಹಳೆಯ ಜಾಗದಲ್ಲೇ ಹುಡುಕಿ, ಸಿಗದೆ, ಮತ್ತೆ ಡೌನ್‌ಲೋಡ್ ಮಾಡಲು ಹೇಳುತ್ತದೆ. ಅದಕ್ಕಾಗಿ ಈ ಕೆಲಸವನ್ನು ಸ್ಟೀಮ್ ಕೈಯಿಂದಲೇ ಮಾಡಿಸಬೇಕು.

ಸ್ಟೀಮ್‌ನ 'ಸೆಟ್ಟಿಂಗ್ಸ್' ತೆರೆದು 'ಸ್ಟೋರೇಜ್' ವಿಭಾಗಕ್ಕೆ ಹೋಗಿ. ಮೇಲ್ಭಾಗದಲ್ಲಿ ಡ್ರೈವ್‌ನ ಹೆಸರಿದೆ. ಅದರ ಮೇಲೆ ಒತ್ತಿ 'ಆ್ಯಡ್ ಡ್ರೈವ್' ಆರಿಸಿ ಹೊಸ ಡ್ರೈವ್ ತೋರಿಸಿದರೆ ಅಲ್ಲಿ 'ಸ್ಟೀಮ್‌ಲೈಬ್ರರಿ' ಎಂಬ ಫೋಲ್ಡರ್ ತಾನಾಗಿಯೇ ಸೃಷ್ಟಿಯಾಗುತ್ತದೆ. ಮುಂದೆ ಹಾಕುವ ಗೇಮ್‌ಗಳೆಲ್ಲ ಅಲ್ಲಿಗೇ ಹೋಗಬೇಕೆಂದಿದ್ದರೆ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿ 'ಮೇಕ್ ಡಿಫಾಲ್ಟ್' ಮಾಡಿ. ಬಳಿಕ ಸಿ ಡ್ರೈವ್‌ನ ಪಟ್ಟಿಗೆ ಮರಳಿ, ಸಾಗಿಸಬೇಕಾದ ಗೇಮ್‌ಗಳಿಗೆ ಗುರುತು ಹಾಕಿ, ಕೆಳಗಿನ 'ಮೂವ್' ಒತ್ತಿ ಹೊಸ ಡ್ರೈವ್ ಆರಿಸಿದರೆ ಆಯಿತು.

ಸಾಗಣೆ ನಡೆಯುವಾಗ ಕಂಪ್ಯೂಟರನ್ನು ಬಂದ್ ಮಾಡಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ ಕರೆಂಟ್ ಹೋಗುವುದು ನಮ್ಮ ಭಾಗದಲ್ಲಿ ಗೊತ್ತಿದ್ದದ್ದೇ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇರುವವರು ಈ ಕೆಲಸವನ್ನು ಬೆಳಿಗ್ಗೆ ಇಟ್ಟುಕೊಳ್ಳುವುದು ಒಳಿತು. ನಡುವೆ ನಿಂತುಹೋಗಿದ್ದರೂ, ಮುಗಿದ ಮೇಲೆ ಗೇಮ್ ತೆರೆಯದಿದ್ದರೂ, ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', ಅದರೊಳಗೆ 'ಇನ್‌ಸ್ಟಾಲ್ಡ್ ಫೈಲ್ಸ್', ಅಲ್ಲಿ 'ವೆರಿಫೈ' ಒತ್ತಬೇಕು. ಕೆಟ್ಟ ಅಥವಾ ಕಾಣೆಯಾದ ಭಾಗಗಳನ್ನಷ್ಟೇ ಸ್ಟೀಮ್ ಮತ್ತೆ ಇಳಿಸಿಕೊಳ್ಳುತ್ತದೆ.

ಎಪಿಕ್ ಮತ್ತು ಎಕ್ಸ್‌ಬಾಕ್ಸ್

ಸ್ಟೀಮ್‌ನಂಥದೇ ಇನ್ನೊಂದು ತಂತ್ರಾಂಶವಾದ ಎಪಿಕ್ ಗೇಮ್ಸ್ ಲಾಂಚರ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನ ಕೊಂಚ ಸುತ್ತುಬಳಸಿನದು. ಗೇಮ್‌ನ ಫೋಲ್ಡರನ್ನು ಪೂರ್ತಿಯಾಗಿ ಹೊಸ ಡ್ರೈವ್‌ನ ಒಂದು ತಾತ್ಕಾಲಿಕ ಫೋಲ್ಡರಿಗೆ ಕಾಪಿ ಮಾಡಿ, ಮೂಲದ ಗಾತ್ರವೂ ಪ್ರತಿಯ ಗಾತ್ರವೂ ಒಂದೇ ಇದೆಯೆಂದು ನೋಡಿಕೊಂಡ ಮೇಲೆಯೇ ಲಾಂಚರ್‌ನಲ್ಲಿ ಅನ್‌ಇನ್‌ಸ್ಟಾಲ್ ಮಾಡಿ. ಮತ್ತೆ ಇನ್‌ಸ್ಟಾಲ್ ಒತ್ತಿ ಹೊಸ ಡ್ರೈವ್‌ನ ಜಾಗ ತೋರಿಸಿ. ಡೌನ್‌ಲೋಡ್ ಎರಡು ಮೂರು ಶೇಕಡಾ ಆಗುತ್ತಿದ್ದಂತೆ ನಿಲ್ಲಿಸಿ ಲಾಂಚರ್‌ನಿಂದ ಹೊರಬನ್ನಿ. ತಾತ್ಕಾಲಿಕ ಫೋಲ್ಡರಿನಲ್ಲಿ ಇರುವುದನ್ನೆಲ್ಲ ಈ ಹೊಸ ಫೋಲ್ಡರಿಗೆ ಸರಿಸಿ, ಇದ್ದುದರ ಮೇಲೆ ಬರೆಯಲು ಒಪ್ಪಿಗೆ ಕೊಡಿ. ಒಂದೇ ಡ್ರೈವ್‌ನೊಳಗಿನ ಸಾಗಣೆಯಾದ್ದರಿಂದ ಇದು ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಲಾಂಚರ್ ತೆರೆದು ಡೌನ್‌ಲೋಡ್ ಮುಂದುವರಿಸಿದರೆ ಅದು ಇರುವ ಕಡತಗಳನ್ನು ಪರೀಕ್ಷಿಸಿ ಉಳಿದದ್ದನ್ನು ಮಾತ್ರ ತರಿಸಿಕೊಳ್ಳುತ್ತದೆ.

ಎಕ್ಸ್‌ಬಾಕ್ಸ್ ಆ್ಯಪ್‌ನಲ್ಲಿ ಇಷ್ಟು ತಾಪತ್ರಯವಿಲ್ಲ. ಗೇಮ್‌ನ ಪಕ್ಕದ ಚುಕ್ಕೆಗಳಲ್ಲಿ 'ಮ್ಯಾನೇಜ್' ತೆರೆದು, 'ಫೈಲ್ಸ್' ವಿಭಾಗದಲ್ಲಿ ಡ್ರೈವ್ ಬದಲಿಸಬಹುದು.

ಸೇವ್ ಕಡತಗಳು ಬೇರೆಡೆ ಇರುತ್ತವೆ

ಗೇಮ್ ಕಳೆದುಹೋದರೆ ಮತ್ತೆ ಇಳಿಸಿಕೊಳ್ಳಬಹುದು. ಎಷ್ಟೋ ರಾತ್ರಿಗಳ ಆಟದ ಪ್ರಗತಿ ಕಳೆದುಹೋದರೆ ಅದು ಮರಳಿ ಬಾರದು. ಹೆಚ್ಚಿನ ಗೇಮ್‌ಗಳು ಸೇವ್ ಕಡತಗಳನ್ನು ಗೇಮ್‌ನ ಫೋಲ್ಡರಿನಲ್ಲಿ ಇಡದೆ, ಸಿ ಡ್ರೈವ್‌ನಲ್ಲಿರುವ 'ಡಾಕ್ಯುಮೆಂಟ್ಸ್' ಒಳಗಿನ 'ಮೈ ಗೇಮ್ಸ್', 'ಸೇವ್ಡ್ ಗೇಮ್ಸ್' ಅಥವಾ ಅಡಗಿರುವ 'ಆ್ಯಪ್‌ಡೇಟಾ' ಫೋಲ್ಡರಿನಲ್ಲಿ ಇಡುತ್ತವೆ. ಹಾಗಾಗಿ ಗೇಮನ್ನು ಡಿ ಡ್ರೈವ್‌ಗೆ ಸಾಗಿಸಿದರೂ ಪ್ರಗತಿ ಸಿಯಲ್ಲೇ ಉಳಿದು ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸಿ ಡ್ರೈವ್ ಫಾರ್ಮ್ಯಾಟ್ ಆದ ದಿನ ಮಾತ್ರ ಅಳಿಸಿಹೋಗುತ್ತದೆ. ಪ್ರಗತಿಯನ್ನು ಇಂಟರ್‌ನೆಟ್‌ನಲ್ಲಿ ಉಳಿಸಿಡುವ ಕ್ಲೌಡ್ ಸೌಲಭ್ಯ ಎಲ್ಲ ಗೇಮ್‌ಗಳಿಗೂ ಇಲ್ಲ. ಕೆಲವು ಹಳೆಯ ಗೇಮ್‌ಗಳು ಇದಕ್ಕೆ ವಿರುದ್ಧವಾಗಿ ತಮ್ಮ ಫೋಲ್ಡರಿನಲ್ಲೇ ಸೇವ್ ಮಾಡುತ್ತವೆ, ಅನ್‌ಇನ್‌ಸ್ಟಾಲ್ ಜೊತೆಗೆ ಅವೂ ಹೋಗಬಹುದು. ಏನನ್ನೇ ಅಳಿಸುವ ಮುನ್ನ ಈ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅವುಗಳ ಗಾತ್ರ ಸಾಮಾನ್ಯವಾಗಿ ಬಹಳ ಚಿಕ್ಕದು.

ಗೆಳೆಯರ ಕಂಪ್ಯೂಟರಿನಿಂದ ತರುವುದು

ಹಾಸ್ಟೆಲ್‌ನಲ್ಲಿ ಇರುವವರು ತಿಳಿದಿರಬೇಕಾದ ಅನುಕೂಲವೊಂದು 2023ರಲ್ಲಿ ಸ್ಟೀಮ್‌ಗೆ ಸೇರಿದೆ. ಒಂದೇ ರೂಟರ್‌ಗೆ ಸೇರಿದ ಎರಡು ಕಂಪ್ಯೂಟರುಗಳ ಪೈಕಿ ಒಂದರಲ್ಲಿ ಗೇಮ್ ಇದ್ದರೆ ಇನ್ನೊಂದು ಅದನ್ನು ಇಂಟರ್‌ನೆಟ್‌ನಿಂದ ತರದೆ ಪಕ್ಕದ ಕಂಪ್ಯೂಟರಿನಿಂದಲೇ ಎಳೆದುಕೊಳ್ಳಬಹುದು. ಎರಡರಲ್ಲೂ 'ಸೆಟ್ಟಿಂಗ್ಸ್' ಒಳಗಿನ 'ಡೌನ್‌ಲೋಡ್ಸ್' ವಿಭಾಗದಲ್ಲಿ ಸ್ಥಳೀಯ ನೆಟ್‌ವರ್ಕ್ ವರ್ಗಾವಣೆಯನ್ನು ಆನ್ ಮಾಡಿ, ಕೊಡುವವರು ಸ್ನೇಹಿತರಿಗೆ ಅನುಮತಿ ಕೊಟ್ಟಿರಬೇಕು; ಪಡೆಯುವವರ ಖಾತೆಯಲ್ಲೂ ಆ ಗೇಮ್ ಇರಬೇಕು. ಕೊಡುವ ಕಂಪ್ಯೂಟರಿನಲ್ಲಿ ಆ ಹೊತ್ತಿಗೆ ಯಾರೂ ಆಡುತ್ತಿರಬಾರದು. ವೈಫೈ ಬಿಟ್ಟು ಗಿಗಾಬಿಟ್ ಕೇಬಲ್ ಹಾಕಿದರೆ, ಡ್ರೈವ್‌ಗಳೂ ಚುರುಕಾಗಿದ್ದರೆ, ನೂರು ಜಿಬಿ ಅರ್ಧ ಗಂಟೆಯೊಳಗೆ ಬರಬಲ್ಲದು.

ಹೊರಗಿನ ಡ್ರೈವ್ ಮತ್ತು ವಿಂಡೋಸ್ ಮರುಸ್ಥಾಪನೆ

ಹೊರಗಿನ ಡ್ರೈವ್ ಬಳಸುವವರು ಅದನ್ನು ಯುಎಸ್‌ಬಿ 3 ಪೋರ್ಟ್‌ಗೇ ಚುಚ್ಚಬೇಕು. ಸಾಮಾನ್ಯವಾಗಿ ಅದರೊಳಗಿನ ಪಟ್ಟಿ ನೀಲಿ ಬಣ್ಣದ್ದು. ಹಳೆಯ ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ ಮೂವತ್ತೈದು ಎಂಬಿಯ ಆಸುಪಾಸಿಗೇ ವೇಗ ನಿಲ್ಲುತ್ತದೆ. ಡ್ರೈವ್‌ನ ಅಕ್ಷರ ಒಂದು ದಿನ ಇ, ಇನ್ನೊಂದು ದಿನ ಎಫ್ ಆದರೆ ಸ್ಟೀಮ್‌ಗೆ ಗೇಮ್ ಸಿಗುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದಕ್ಕೆ ಜಿ ಎಂದೋ ಎಸ್ ಎಂದೋ ಖಾಯಂ ಅಕ್ಷರ ಕೊಟ್ಟುಬಿಡಿ. ಕೀಳುವ ಮುನ್ನ ಸ್ಟೀಮ್‌ನಿಂದ ಪೂರ್ತಿ ಹೊರಬನ್ನಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅನೇಕರು ಕಂಪ್ಯೂಟರನ್ನು ಅಂಗಡಿಗೆ ಒಯ್ದು ವಿಂಡೋಸ್ 11 ಹಾಕಿಸುತ್ತಿದ್ದಾರೆ. ಕೊಡುವಾಗಲೇ "ಸಿ ಡ್ರೈವ್ ಅಷ್ಟ ಫಾರ್ಮ್ಯಾಟ್ ಮಾಡ್ರಿ, ಗೇಮ್ಸ್ ಅಂತ ಹೆಸರಿದ್ದ ಡ್ರೈವ್ ಮುಟ್ಟಬ್ಯಾಡ್ರಿ" ಎಂದು ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆಸಿ. ಡ್ರೈವ್‌ಗೆ ಬಿಟ್‌ಲಾಕರ್ (ವಿಂಡೋಸ್ ಹಾಕುವ ಬೀಗ) ರಕ್ಷಣೆ ಇದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮನೆಗೆ ತಂದ ಮೇಲೆ ಸ್ಟೀಮ್ ಹಾಕಿ, 'ಸ್ಟೋರೇಜ್' ವಿಭಾಗದಲ್ಲಿ ಮತ್ತೆ 'ಆ್ಯಡ್ ಡ್ರೈವ್' ಒತ್ತಿ ಆ ಡ್ರೈವ್ ತೋರಿಸಿದರೆ, ಅಲ್ಲಿರುವ 'ಆ್ಯಪ್‌ಮ್ಯಾನಿಫೆಸ್ಟ್' ಕಡತಗಳನ್ನು ಓದಿ ಎಲ್ಲ ಗೇಮ್‌ಗಳನ್ನೂ ಅದು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಮೊದಲ ಸಲ ತೆರೆಯುವಾಗ ಡೈರೆಕ್ಟ್‌ಎಕ್ಸ್‌ನಂಥ ಕೆಲವು ಪೂರಕ ತಂತ್ರಾಂಶಗಳನ್ನು ಮತ್ತೆ ಹಾಕಿಕೊಳ್ಳುವುದರಿಂದ ಒಂದೆರಡು ನಿಮಿಷ ಹೆಚ್ಚು ಹಿಡಿಯಬಹುದು. ಪೆನ್‌ಡ್ರೈವ್‌ನಲ್ಲಿಟ್ಟ ಸೇವ್ ಕಡತಗಳನ್ನು ಗೇಮ್ ತೆರೆಯುವ ಮುನ್ನವೇ ಅವುಗಳ ಹಳೆಯ ಜಾಗಕ್ಕೆ ಹಾಕಿ. ಕ್ಲೌಡ್‌ನಲ್ಲಿರುವುದನ್ನು ಇಟ್ಟುಕೊಳ್ಳಬೇಕೋ ಕಂಪ್ಯೂಟರಿನಲ್ಲಿರುವುದನ್ನು ಇಟ್ಟುಕೊಳ್ಳಬೇಕೋ ಎಂದು ಸ್ಟೀಮ್ ಕೇಳಿದರೆ, ಎರಡರ ದಿನಾಂಕ ನೋಡಿ ಇತ್ತೀಚಿನದನ್ನು ಆರಿಸಿ.