ಆಡ್ ಫೆಲೋಸ್ ಸ್ಮಶಾನದ ಇತಿಹಾಸವನ್ನು ಹುಡುಕುವ ಬಗೆ

ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಕೋಲ್ಮಾದಲ್ಲಿ ಆಡ್ ಫೆಲೋಸ್ ಸಂಘ ಸ್ಥಾಪಿಸಿದ ಗ್ರೀನ್‌ಲಾನ್ ಸ್ಮಶಾನದ ಚರಿತ್ರೆಯನ್ನು ಅರಿಯಬಯಸುವವರು ಮೊದಲು ಆ ಸಂಘದ ಹಿನ್ನೆಲೆಯನ್ನು ತಿಳಿದುಕೊಳ್ಳಬೇಕು. 1819ರಲ್ಲಿ ಬಾಲ್ಟಿಮೋರ್‌ನಲ್ಲಿ ಥಾಮಸ್ ವೈಲ್ಡಿ ಅಮೆರಿಕದ ಆಡ್ ಫೆಲೋಸ್ ಭ್ರಾತೃಸಂಘಕ್ಕೆ ನಾಂದಿ ಹಾಡಿದರು. ರೋಗಿಗಳನ್ನು ಕಾಣುವುದು, ಅನಾಥರಿಗೆ ವಿದ್ಯೆ ಕೊಡಿಸುವುದರ ಜೊತೆಗೆ ಮೃತರನ್ನು ಮಣ್ಣುಮಾಡುವುದೂ ಅದರ ಸದಸ್ಯರ ಕರ್ತವ್ಯವಾಗಿತ್ತು.

ನಂತರ ಸ್ಥಳಾಂತರದ ಜಾಡು ಹಿಡಿಯಿರಿ. ಸಂಘದ ಹಳೆಯ ಸ್ಮಶಾನ 1865ರಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರದೊಳಗೇ ಇತ್ತು. 1901ರ ಹೊತ್ತಿಗೆ ನಗರದಲ್ಲಿ ಹೂಳುವುದು ನಿಷೇಧಕ್ಕೊಳಗಾಯಿತು. ಮುಂದೆ ಹಳೆಯ ಸಮಾಧಿಗಳನ್ನೂ ಅಗೆದು ಅವಶೇಷಗಳನ್ನು ಕೋಲ್ಮಾಕ್ಕೆ ಸಾಗಿಸಲಾಯಿತು. ಆದ್ದರಿಂದ ಒಬ್ಬರ ನಿಧನದ ವರ್ಷ ಗ್ರೀನ್‌ಲಾನ್‌ಗಿಂತ ಹಳೆಯದಾಗಿದ್ದರೆ ಗಾಬರಿಯಾಗದೆ, ಎರಡೂ ಸ್ಥಳಗಳ ದಾಖಲೆಗಳನ್ನು ಹೋಲಿಸಿ ನೋಡಿ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ನಗರದ ಅನೇಕ ಕಡತಗಳು ನಾಶವಾದುದರಿಂದ, ಅಂದಿನ ಪತ್ರಿಕೆಗಳ ನಿಧನವಾರ್ತೆಗಳು ಮತ್ತು ಸಂಘದ ಶಾಖೆಗಳ ಸಭಾ ನಡಾವಳಿಗಳು ಹೆಚ್ಚಿನ ಬೆಲೆಯುಳ್ಳವು.

ಕಲ್ಲುಗಳನ್ನು ಓದುವಾಗ ಅವಸರ ಬೇಡ. ಒಂದರೊಳಗೊಂದು ಹೆಣೆದ ಮೂರು ಕೊಂಡಿಗಳ ಸರಪಣಿ ಸಂಘದ ಚಿಹ್ನೆ; ಅದು ಸ್ನೇಹ, ಪ್ರೀತಿ, ಸತ್ಯಗಳ ಗುರುತು. ಸವೆದ ಕಲ್ಲಿನಲ್ಲಿ ಅದು ಓರೆ ಬೆಳಕಿನಲ್ಲಿ ಮಾತ್ರ ನೆರಳಾಗಿ ಎದ್ದು ಕಾಣುವುದುಂಟು, ಹೀಗಾಗಿ ಬೆಳಗಿನ ಅಥವಾ ಸಂಜೆಯ ಹೊತ್ತೇ ಒಳ್ಳೆಯದು. ತಂತಿಬ್ರಷ್‌ನಿಂದ ಖಂಡಿತ ಉಜ್ಜಬೇಡಿ. ನಗರದ ಸ್ಮಶಾನಗಳಿಂದ ತೆಗೆದ ಎಷ್ಟೋ ಕಲ್ಲುಗಳು ಅದೇ ನಗರದ ಬ್ಯೂನಾ ವಿಸ್ಟಾ ಉದ್ಯಾನದ ಚರಂಡಿಗಳಿಗೆ ಹಾಸಾಗಿ ಹೋದವು. ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ನೋವಿನ ಪುಟ ಇದೇ. ಅಲ್ಲಿ ಅಕ್ಷರಗಳಿರುವ ತುಂಡು ಕಂಡರೆ ಕದಲಿಸದೆ ಛಾಯಾಚಿತ್ರ ತೆಗೆದು, ಸ್ಥಳವನ್ನು ಬರೆದಿಟ್ಟುಕೊಳ್ಳಿ.